ಇವೋ ಕಪ್ರೀನೋ ಅವರ ಗೊಂಬೆ ರೇಸ್ ಸಿನಿಮಾ: ಡಿಸ್ಕ್ ತರಿಸಿಕೊಳ್ಳಬಹುದಾ?

ಮೊದಲೇ ಹೇಳಿಬಿಡುತ್ತೇನೆ, ಕಥೆಗೋಸ್ಕರ ಈ ಡಿಸ್ಕ್ ತರಿಸಿಕೊಳ್ಳಬೇಡಿ. ಕಥೆ ಒಂದೆಳೆಯದು. ಕೊನೆಗೆ ಯಾರು ಗೆಲ್ಲುತ್ತಾರೆ ಅಂತ ಸಣ್ಣ ಮಕ್ಕಳೂ ಶುರುವಿನಲ್ಲೇ ಹೇಳಿಬಿಡುತ್ತಾರೆ. ತರಿಸಿಕೊಳ್ಳುವುದಾದರೆ ಕೈಕೆಲಸ ನೋಡುವುದಕ್ಕೆ ತರಿಸಿಕೊಳ್ಳಿ. ಅಷ್ಟಕ್ಕೇ ದುಡ್ಡು ವಸೂಲಿ ಅಂತ ನನಗನಿಸಿತು.

ಸಿನಿಮಾ ಹೆಸರು ಫ್ಲೋಕ್ಲಿಪಾ ಗ್ರ್ಯಾನ್ ಪ್ರಿ. ಇಂಗ್ಲಿಷಿನಲ್ಲಿ ಪಿಂಚ್‌ಕ್ಲಿಫ್ ಗ್ರ್ಯಾನ್ ಪ್ರಿ ಅಂತ ಹುಡುಕಿದರೆ ಸಿಗುತ್ತದೆ. 1975ರ ಆಗಸ್ಟ್‌ನಲ್ಲಿ ನಾರ್ವೆಯಲ್ಲಿ ತೆರೆಗೆ ಬಂತು. ಒಂದೂವರೆ ಗಂಟೆಗೆ ಸ್ವಲ್ಪ ಕಡಿಮೆ. ಒಬ್ಬ ಮನುಷ್ಯನೂ ಕಾಣುವುದಿಲ್ಲ, ಎಲ್ಲಾ ಗೊಂಬೆಗಳೇ. ಮಾಡಿದವರು ನಾರ್ವೆಯ ನಿರ್ದೇಶಕ ಇವೋ ಕಪ್ರೀನೋ. ನಾರ್ವೆಯ ಜನಸಂಖ್ಯೆ ಆಗ ಸುಮಾರು 40 ಲಕ್ಷ, ಮೊದಲ ವರ್ಷವೇ 10 ಲಕ್ಷ ಟಿಕೆಟ್ ಹೋಯಿತು. ಇಲ್ಲಿಯವರೆಗೆ ಲೆಕ್ಕ ಹಾಕಿದರೆ ಟಿಕೆಟ್ 50 ಲಕ್ಷ ದಾಟಿದೆ. ಅಂದರೆ ಒಬ್ಬೊಬ್ಬರು ಎಷ್ಟು ಸಲ ನೋಡಿರಬೇಕು! ಕ್ರಿಸ್ಮಸ್ ಹತ್ತಿರ ಬಂದರೆ ಟಿವಿಯಲ್ಲೂ ಹಾಕುತ್ತಾರೆ.

ಬೆಟ್ಟದ ತುದಿಯಲ್ಲಿ ಒಂದು ಮನೆ. ಅಲ್ಲಿ ರಿಯೋಡೋರ್ ಫೆಲ್ಗನ್ ಅನ್ನುವ ಸೈಕಲ್ ರಿಪೇರಿಯವನು ಇದ್ದಾನೆ. ಸೈಕಲ್‌ಗಿಂತ ಜಾಸ್ತಿ ಸಮಯ ಚಿತ್ರವಿಚಿತ್ರ ಯಂತ್ರ ಜೋಡಿಸುವುದರಲ್ಲೇ ಹೋಗುತ್ತದೆ. ಜೊತೆಗೆ ಸೋಲಾನ್ ಅನ್ನುವ ಹಕ್ಕಿ, ಬಾಯಿಬಡುಕ, ಯಾವುದಕ್ಕೂ ಹೆದರದವನು. ಇನ್ನೊಬ್ಬ ಲುಡ್ವಿಗ್, ಮುಳ್ಳುಹಂದಿ, ಎಲ್ಲದಕ್ಕೂ ಹೆದರುವವನು. ಒಂದು ದಿನ ಟಿವಿ ನೋಡುತ್ತಿದ್ದರೆ ರಿಯೋಡೋರ್‌ನ ಹಳೇ ಸಹಾಯಕ ರುಡಾಲ್ಫ್ ಅವನದೇ ಡಿಸೈನ್ ಕದ್ದು ರೇಸ್ ಕಾರು ಮಾಡಿಕೊಂಡು ಮೆರೆಯುತ್ತಿರುತ್ತಾನೆ. ಸರಿ, ಇವರೂ ಕಾರು ಕಟ್ಟಬೇಕು. ದುಡ್ಡೆಲ್ಲಿ? ಅಲ್ಲೇ ಡೇರೆ ಹಾಕಿಕೊಂಡಿದ್ದ, ಪೆಟ್ರೋಲ್ ತೆಗೆಯುವ ಕಚ್ಚಾ ಎಣ್ಣೆಯಿಂದ ದುಡ್ಡು ಮಾಡಿದ ಅರಬ್ ಶೇಖ್ ಒಬ್ಬ ಕೊಡುತ್ತಾನೆ. ಕಾರಿನ ಹೆಸರು ಇಲ್ ಟೆಂಪೋ ಜಿಗಾಂತೆ. ಎರಡು ಇಂಜಿನ್, ರೇಡಾರ್, ಅದು ಸಾಲದು ಅಂತ ಸ್ವಂತ ಬ್ಲಡ್ ಬ್ಯಾಂಕ್! ಆಮೇಲೆ ರೇಸ್. ಅಷ್ಟೇ ಕಥೆ.

ಕಥೆ ಯಾಕೆ ಇಷ್ಟು ತೆಳ್ಳಗಿದೆ ಅನ್ನುವುದಕ್ಕೆ ಒಂದು ಕಾರಣ ಇದೆ. ಈ ಪಾತ್ರಗಳು ಶೆಲ್ ಔಕ್ರುಸ್ಟ್ ಅನ್ನುವ ಲೇಖಕ ಮತ್ತು ಚಿತ್ರಕಾರರವು. ಅವರು ಆಲ್ವ್‌ದಾಲ್ ಊರಿನವರು, ಹುಟ್ಟಿದ್ದು ಕಪ್ರೀನೋ ಹುಟ್ಟಿದ 1920ರಲ್ಲೇ. ಅವರ ಪಾತ್ರಗಳನ್ನು ಇಟ್ಟುಕೊಂಡು ಕಪ್ರೀನೋ 1970ರ ಸುಮಾರಿಗೆ ಟಿವಿಗೆ ಅರ್ಧ ಗಂಟೆಯೊಳಗಿನ ಕಾರ್ಯಕ್ರಮ ಮಾಡುವುದಕ್ಕೆ ಹೊರಟರು. ಗೊಂಬೆ ಆಯಿತು, ಸೆಟ್ ಆಯಿತು, ಒಂದೂವರೆ ವರ್ಷ ಕೆಲಸವೂ ಆಯಿತು. ಆದರೆ ತುಣುಕುಗಳು ಒಂದಕ್ಕೊಂದು ಕೂಡಲಿಲ್ಲ. ಕೈಬಿಟ್ಟರು. ಆಮೇಲೆ, ಇಷ್ಟೆಲ್ಲಾ ಗೊಂಬೆ ಸುಮ್ನೆ ಇದೆಯಲ್ಲ, ಪೂರ್ತಿ ಸಿನಿಮಾನೇ ಮಾಡಿಬಿಡೋಣ ಅಂತ ಮತ್ತೆ ಕೈಹಾಕಿದರು. ಅಂದರೆ ಸಾಮಾನು ಮೊದಲು ಬಂತು, ಕಥೆ ಆಮೇಲೆ ಬಂತು. ನೋಡುವಾಗ ಅದು ಗೊತ್ತಾಗುತ್ತದೆ. ಮೊದಲ ಅರ್ಧದಲ್ಲಿ ಕ್ಯಾಮೆರಾ ಕಥೆ ಬಿಟ್ಟು ಗ್ಯಾರೇಜಿನ ಗೋಡೆ, ಹಲ್ಲುಚಕ್ರ, ಸ್ಪ್ಯಾನರ್, ಹಳೇ ಡಬ್ಬ ನೋಡಿಕೊಂಡು ನಿಂತುಬಿಡುತ್ತದೆ. ಕೆಲವರಿಗೆ ಇದು ಬೋರು. ನನಗೆ ಅಲ್ಲೇ ಮಜಾ ಬಂದದ್ದು. ರಿಮೋಟ್‌ನಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿ, ಒಂದೊಂದು ಶೆಲ್ಫ್ ಮೇಲೂ ಯಾರೋ ಕೂತು ಕೈಯಾರೆ ಮಾಡಿಟ್ಟ ಸಾಮಾನಿದೆ.

ಇದನ್ನೆಲ್ಲಾ ಮಾಡಿದ್ದು ದೊಡ್ಡ ಸ್ಟುಡಿಯೋ ಅಲ್ಲ. ಹೆಚ್ಚುಕಮ್ಮಿ ಐದು ಜನ, ಸುಮಾರು ಮೂರೂವರೆ ವರ್ಷ. ಆಸ್ಲೋ ಪಕ್ಕದ ಸ್ನಾರೋಯಾದಲ್ಲಿ ಕೆಲಸ. ಕಪ್ರೀನೋ ನಿರ್ದೇಶನದ ಜೊತೆ ಗೊಂಬೆ ಆಡಿಸುವುದನ್ನೂ ನೋಡಿಕೊಂಡರು. ಸೆಟ್ಟು, ಕಾರು ಎಲ್ಲಾ ಬ್ಯಾರ್ನೆ ಸಾಂಡೆಮೋಸೆ ಅವರ ಕೈಕೆಲಸ. ಗೊಂಬೆಗಳ ಜವಾಬ್ದಾರಿ ಇಂಗೆಬೋರ್ಗ್ ರೀಸರ್ ಅವರದು, ಬಟ್ಟೆಬರೆ ಗೆರ್ಡ್ ಆಲ್ಫ್‌ಸೆನ್ ಅವರದು, ಕ್ಯಾಮೆರಾ ಚಾರ್ಲ್ಸ್ ಪೇಟಿ ಅವರದು. ತೆರೆಯ ಮೇಲೆ ಒಂದು ಸೆಕೆಂಡಿಗೆ 24 ಚೌಕಟ್ಟು, ಅಂದರೆ 24 ಬಿಡಿ ಚಿತ್ರ ಓಡುತ್ತವೆ. ಗೊಂಬೆಯನ್ನು ಕೂದಲೆಳೆ ಸರಿಸುವುದು, ಕ್ಲಿಕ್ ಮಾಡುವುದು, ಮತ್ತೆ ಸರಿಸುವುದು. ರೇಸ್ ದಿನದ ಜನಜಂಗುಳಿಯನ್ನು ಹೀಗೆ ಆಡಿಸಬೇಕು ಅಂದರೆ ಎಂಥ ತಾಳ್ಮೆ ಬೇಕು ಅಲ್ವಾ?

ಕಪ್ರೀನೋ ಅವರಿಗೆ ಈ ಹುಚ್ಚು ಮನೆಯಿಂದಲೇ ಬಂದದ್ದು. ಅಪ್ಪ ಇಟಲಿ ಕಡೆಯ ಪೀಠೋಪಕರಣ ಕುಶಲಕರ್ಮಿ. ಅಮ್ಮ ಇಂಗೆಬೋರ್ಗ್ ಗೂಡೆ ಕಲಾವಿದೆ, ಹೆಸರಾಂತ ಚಿತ್ರಕಾರ ಹಾನ್ಸ್ ಗೂಡೆ ಅವರ ಮೊಮ್ಮಗಳು. ಅಮ್ಮ ಗೊಂಬೆ ನಾಟಕಕ್ಕೆ ಗೊಂಬೆ ಮಾಡುತ್ತಿದ್ದರು, ಮಗ ಕೈಜೋಡಿಸಿದ, ಆಮೇಲೆ ಇವುಗಳನ್ನೇ ಇಟ್ಟುಕೊಂಡು ಸಿನಿಮಾ ತೆಗೆಯಬಾರದೇಕೆ ಅಂತ ಹೊರಟ. 1949ರಲ್ಲಿ ಮೊದಲ ಚಿತ್ರ ಬಂತು. ಮುಂದೆಯೂ ಅಮ್ಮ ಇರುವವರೆಗೆ ಗೊಂಬೆಗಳನ್ನು ಅವರೇ ಮಾಡಿಕೊಟ್ಟರು. 1952ರ ಪಿಟೀಲು ಹುಡುಗನ ಜಾನಪದ ಕಥೆಗೆ ವೆನಿಸ್‌ನಲ್ಲಿ ಮಕ್ಕಳ ಚಿತ್ರದ ಬಹುಮಾನವೂ ಸಿಕ್ಕಿತು. ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ವಿಷಯ. ಆ ದಿನಗಳಲ್ಲೇ ಅವರು ಗೊಂಬೆಗಳನ್ನು ಒಂದೊಂದು ಚೌಕಟ್ಟಿಗೆ ಸರಿಸದೆ, ಕೀಲಿಮಣೆಯಂಥ ಒಂದು ಯಂತ್ರದಿಂದ ನೇರವಾಗಿ ಆಡಿಸುವ ಉಪಾಯ ಕಂಡುಹಿಡಿದಿದ್ದರು. ಒಳಗೆ ಏನಿದೆ ಅನ್ನುವ ಗುಟ್ಟನ್ನು ಬಿಟ್ಟುಕೊಡುತ್ತಿರಲಿಲ್ಲ. ಈಗ ರಿಯೋಡೋರ್ ಯಾರು ಅಂತ ಗೊತ್ತಾಯಿತಲ್ಲ!

ಕಾರಿನ ವಿಷಯಕ್ಕೂ ಅಷ್ಟೇ. ಗೊಂಬೆಯ ಅಳತೆಯ ಕಾರು ಮಾಡಿ ಸುಮ್ಮನಾಗಲಿಲ್ಲ, ಮನುಷ್ಯರು ಕೂರುವ ಇಲ್ ಟೆಂಪೋ ಜಿಗಾಂತೆಯನ್ನೂ ಕಟ್ಟಿದರು. ಅದರಲ್ಲಿ ನಿಜವಾದ ವಿ8 (ಎಂಟು ಸಿಲಿಂಡರಿನ) ಇಂಜಿನ್, ಜೊತೆಗೆ ಹೆಲಿಕಾಪ್ಟರ್‌ನ ಟರ್ಬೈನ್.

ರೇಸ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ನೋಡಿ. ಕ್ಯಾಮೆರಾ ನೆಲಕ್ಕೆ ಅಂಟಿಕೊಂಡಂತೆ ಓಡುತ್ತದೆ, ರಸ್ತೆ ಮುಖಕ್ಕೆ ಬಂದು ಬಡಿಯುತ್ತದೆ, ಗೇರು ಬದಲಾಗುವುದು, ಟೈರು ಕಿರುಚುವುದು ಎಲ್ಲಾ ಸೇರಿ ಇದು ಆಟಿಕೆ ಅನ್ನುವುದೇ ಮರೆತುಹೋಗುತ್ತದೆ. ಬೆಚ್ಚಿಬೀಳುವ ಲುಡ್ವಿಗ್ ಪಕ್ಕದ ಸೀಟಿನಲ್ಲಿ ಸಿಕ್ಕಿಹಾಕಿಕೊಂಡು ಪಡುವ ಪಾಡು ನೋಡಿ ನಮ್ಮ ಮನೆಯ ಮಕ್ಕಳು ಉರುಳಾಡಿ ನಕ್ಕರು. ಸಂಗೀತ ಡೆನ್ಮಾರ್ಕಿನ ಬೆಂಟ್ ಫಾಬ್ರೀಸಿಯಸ್-ಬ್ಯೆರೆ ಅವರದು. ರಿಯೋಡೋರ್‌ನ ಮೆಲುದನಿಯ ರಾಗ ಒಂದಿದೆ, ಅದು ಬಾಯಲ್ಲಿ ಉಳಿದುಬಿಡುತ್ತದೆ.

ಹಿಡಿಸದೇ ಇದ್ದದ್ದನ್ನೂ ಹೇಳಬೇಕು. ಆ ಶೇಖ್ ಪಾತ್ರ. ದಡ್ಡ, ದುಡ್ಡಿನ ಮದ, ಡೇರೆಯಲ್ಲಿ ಕುಣಿತ, ಕಾರು ಓಡಿಸುವುದಕ್ಕೆ ಗೊರಿಲ್ಲಾ. ಅರಬ್ಬರು ಅಂದರೆ ಹೀಗೇ ಅನ್ನುವ ಹಳಸಲು ತಮಾಷೆ. 1973ರಲ್ಲಿ ಎಣ್ಣೆ ಬೆಲೆ ಗಗನಕ್ಕೇರಿದ ಕಾಲ, ಯುರೋಪಿನವರಿಗೆ ಆಗ ಅದು ನಗು ತರಿಸಿರಬಹುದು. ವಿಚಿತ್ರ ಏನಂದರೆ ಉತ್ತರ ಸಮುದ್ರದ ಎಕೋಫಿಸ್ಕ್‌ನಲ್ಲಿ 1969ರಲ್ಲೇ ನಾರ್ವೆಗೂ ಸ್ವಂತ ಎಣ್ಣೆ ಸಿಕ್ಕಿತ್ತು. ಇವತ್ತು ಎಣ್ಣೆ ಮಾರಿ ಬಂದ ದುಡ್ಡಿನ ಮೇಲೆ ಕೂತಿರುವುದು ನಾರ್ವೆಯವರೇ! ಮಕ್ಕಳ ಜೊತೆ ನೋಡುವಾಗ ಈ ಭಾಗಕ್ಕೆ ಪಕ್ಕದಲ್ಲಿ ಕೂತು ಎರಡು ಮಾತು ಹೇಳುವುದು ಒಳ್ಳೆಯದು. ಹೆಣ್ಣು ಪಾತ್ರಗಳಂತೂ ನೆನಪಿನಲ್ಲಿ ಉಳಿಯುವಂಥದ್ದು ಒಂದೂ ಇಲ್ಲ.

ಇನ್ನು ಡಿಸ್ಕ್ ವಿಷಯ. ನನಗೆ ಇದನ್ನು ತಂದುಕೊಟ್ಟದ್ದು ಆಸ್ಲೋದಲ್ಲಿ ಕೆಲಸ ಮಾಡುವ ತಮ್ಮ. ಮನೆಯ ಪ್ಲೇಯರ್‌ಗೆ ಹಾಕಿದರೆ ಓಡಲೇ ಇಲ್ಲ. ಡಿಸ್ಕ್, ಪ್ಲೇಯರ್ ಎರಡಕ್ಕೂ ರೀಜನ್ ಅಂತ ಪ್ರದೇಶದ ಸಂಕೇತ ಇರುತ್ತದೆ, ಅದು ಹೊಂದದಿದ್ದರೆ ಓಡುವುದಿಲ್ಲ. ಯುರೋಪಿನ ಡಿವಿಡಿಗಳಿಗೆ ರೀಜನ್ 2, ನಮ್ಮ ದೇಶಕ್ಕೆ ರೀಜನ್ 5. ಬ್ಲೂ-ರೇ ಆದರೆ ಅವರದು ಬಿ, ನಮ್ಮದು ಸಿ. ಎಲ್ಲಾ ರೀಜನ್ ಓದುವ ಪ್ಲೇಯರ್ ಇದ್ದರೆ ಮಾತ್ರ ತರಿಸಿ, ಇಲ್ಲದಿದ್ದರೆ ಕಂಪ್ಯೂಟರ್ ಡ್ರೈವ್‌ನಲ್ಲಿ ನೋಡಬೇಕು, ನಾವು ಮಾಡಿದ್ದೂ ಅದನ್ನೇ. ಕೊಳ್ಳುವ ಮುಂಚೆ ಇಂಗ್ಲಿಷ್ ಸಬ್‌ಟೈಟಲ್ ಇದೆಯಾ ಅಂತ ಡಬ್ಬದ ಹಿಂದೆ ಓದಿಕೊಳ್ಳಿ. ಇಂಗ್ಲಿಷ್ ಡಬ್ಬಿಂಗ್ ಕೂಡ ಇದೆ, ಆದರೆ ಮೂಲದಲ್ಲಿ ಸೋಲಾನ್‌ಗೆ ತೋರಾಲ್ವ್ ಮೌರ್‌ಸ್ಟಾಡ್ ಕೊಟ್ಟಿರುವ ಧ್ವನಿಯ ಗತ್ತು ಕಳೆದುಕೊಳ್ಳಬಾರದು. ಭಾಷೆ ಬರದಿದ್ದರೂ ಆ ಗತ್ತು ಗೊತ್ತಾಗುತ್ತದೆ.

ವಯಸ್ಸು? ಸಬ್‌ಟೈಟಲ್ ಸರಾಗವಾಗಿ ಓದುವ ಮಕ್ಕಳಿಗೆ ಸರಿ. ಅದಕ್ಕಿಂತ ಚಿಕ್ಕವರು ಮೊದಲ ಅರ್ಧ ಗಂಟೆಯಲ್ಲಿ ಎದ್ದು ಓಡಾಡುತ್ತಾರೆ. ಅಂಥವರಿಗೆ ಕಪ್ರೀನೋ ಅವರದೇ 1955ರ ಕಾರಿಯುಸ್ ಮತ್ತು ಬಾಕ್ಟುಸ್ ಸಿಕ್ಕರೆ ತೋರಿಸಿ. ಒಬ್ಬ ಹುಡುಗನ ಹಲ್ಲಿನೊಳಗೆ ಮನೆ ಮಾಡಿಕೊಂಡ ಎರಡು ಕಿಡಿಗೇಡಿಗಳ ಪುಟ್ಟ ಚಿತ್ರ ಅದು, ಕಾಲು ಗಂಟೆಯಲ್ಲಿ ಮುಗಿಯುತ್ತದೆ, ರಾತ್ರಿ ಹಲ್ಲುಜ್ಜಿಸುವುದಕ್ಕೂ ಅನುಕೂಲ. ಸೋಲಾನ್, ಲುಡ್ವಿಗ್ ಮೇಲೆ 2013ರಿಂದ ಈಚೆಗೆ ಹೊಸ ಗೊಂಬೆ ಚಿತ್ರಗಳೂ ಬಂದಿವೆ, ರಾಸ್ಮುಸ್ ಸೀವರ್ಟ್‌ಸೆನ್ ಅವರವು. ಓಟ ಚುರುಕು, ಕಥೆಯೂ ಇದಕ್ಕಿಂತ ಗಟ್ಟಿ. ಆದರೆ ಗ್ಯಾರೇಜ್ ನೋಡಬೇಕು ಅಂದರೆ 1975ರದ್ದೇ ತರಿಸಿ.