ಪುಟ್ಟ ರೈಲಿಗೆ ಎಂಡಿಎಫ್ ಹಾಸು: ಒಂದೇ ಮಳೆಗಾಲಕ್ಕೆ ಎಲ್ಲ ಹೋಯಿತು

ಮನೆಯಲ್ಲಿ ಮಾಡೆಲ್ ರೈಲಿನ ಲೇಔಟ್ ಕಟ್ಟಬೇಕು ಅಂದುಕೊಂಡಿದ್ದೀರಾ? ಅದೂ ಮುಂಬೈ ಕಡೆ ಇದ್ದೀರಾ? ಹಾಗಾದರೆ ಹಣ ಬಿಚ್ಚುವ ಮೊದಲು ಇದನ್ನು ಓದಿ.

ಡೊಂಬಿವಲಿಯ ನಮ್ಮ ಫ್ಲ್ಯಾಟಿನ ಗ್ಯಾಲರಿ ಮುಚ್ಚಿಸಿ ಜಾಗ ಮಾಡಿಕೊಂಡಿದ್ದೆ. ಎಚ್‌ಒ ಸ್ಕೇಲ್, ಅಂದರೆ ನಿಜದ್ದರ 87ನೇ ಒಂದು ಪಾಲು. ಕರ್ಜತ್‌ನಿಂದ ಲೋಣಾವಳಕ್ಕೆ ಹತ್ತುವ ಭೋರ್ ಘಾಟಿಯ ಒಂದು ತುಣುಕು ಮಾಡುವ ಆಸೆ. ಅಲ್ಲಿಯ ಏರು 37ಕ್ಕೆ 1, ಅಂದರೆ 37 ಮೀಟರ್ ಸಾಗಿದರೆ 1 ಮೀಟರ್ ಎತ್ತರ, ದೊಡ್ಡ ಗಾಡಿಗೇ ಹಿಂದಿನಿಂದ ಬ್ಯಾಂಕರ್ ಎಂಜಿನ್ ತಳ್ಳಬೇಕು. ನಾನು ಮೀಟರಿಗೆ 2 ಸೆಂ.ಮೀ. ಸಾಕು ಅಂತ ಇಟ್ಟೆ. ಅಲ್ಲಿಯವರೆಗೆ ನಾನು ಜಾಣ.

ತಳಕ್ಕೆ 12 ಮಿ.ಮೀ. ಮರೀನ್ ಪ್ಲೈ, ಅಂದರೆ ನೀರು ತಾಳುವ ಪ್ಲೈವುಡ್, ಕೇಳಿದೆ. ಅಂಗಡಿಯವ ನಕ್ಕ. 'ಆಟಕ್ಕೆ ಮರೀನ್ ಯಾಕೆ ಸಾಬ್, ಎಂಡಿಎಫ್ ಒಯ್ಯಿರಿ, ಗಾಜಿನ ಹಾಗೆ ಸಮ ಇರುತ್ತೆ.' ಎಂಡಿಎಫ್ ಅಂದರೆ ಮರದ ನಾರಿಗೆ ಅಂಟು ಬೆರೆಸಿ ಒತ್ತಿ ಮಾಡಿದ ಹಲಗೆ. ಸುಳ್ಳಲ್ಲ, ತಂದ ದಿನ ಹಾಗೇ ಇತ್ತು. ಬೆಂಗಳೂರಿನ ಗೆಳೆಯನೂ ತನ್ನದು ಎಂಡಿಎಫ್ಫೇ, ಏನೂ ಆಗಿಲ್ಲ ಅಂದ. ಬೆಂಗಳೂರಿನ ಗಾಳಿಯೇ ಬೇರೆ ಅಲ್ವಾ, ಅದು ಹೊಳೆಯಲಿಲ್ಲ.

ಹಳಿಯ ಕೆಳಗಿನ ಹಾಸಿಗೆ ಕಾರ್ಕ್ ದುಬಾರಿ ಅನ್ನಿಸಿ ಥರ್ಮೋಕೋಲ್ ಪಟ್ಟಿ ಕೊಯ್ದೆ. ಚಪ್ಪಲಿ ಅಂಟಿಸುವ ಹಳದಿ ರಬ್ಬರ್ ಅಂಟು ಬಳಿದೆ. ನೋಡನೋಡುತ್ತ ಪಟ್ಟಿ ಕುಸಿಯಿತು, ಗೆದ್ದಲು ತಿಂದ ಹಾಗೆ ತೂತು ತೂತು! ಅದರ ಸಾಲ್ವೆಂಟ್ ಥರ್ಮೋಕೋಲನ್ನು ಕರಗಿಸುತ್ತದೆ. ಆಮೇಲೆ ಬಿಳಿ ಫೆವಿಕಾಲ್ ಹಾಕಿದೆ, ಅಂಟಿತು.

ದೊಡ್ಡ ಪೆಟ್ಟು ಬಿದ್ದದ್ದು ಜಲ್ಲಿಯಿಂದ. ಸಣ್ಣ ಜಲ್ಲಿ ಹರಡಿ, ಅರ್ಧ ನೀರು ಬೆರೆಸಿದ ಫೆವಿಕಾಲಿಗೆ ಒಂದು ಹನಿ ಪಾತ್ರೆ ಸೋಪು ಹಾಕಿ ಡ್ರಾಪರಿನಿಂದ ಬಿಡುತ್ತಾರೆ. ಎಲ್ಲರೂ ಮಾಡುವುದು ಹಾಗೇ. ಆ ನೀರು ಇಳಿದು ಎಲ್ಲಿಗೆ ಹೋಗುತ್ತದೆ ಅಂತ ನಾನು ಯೋಚಿಸಲೇ ಇಲ್ಲ. ಎರಡು ಹಲಗೆ ಸೇರುವ ಕಡೆ, ಬಣ್ಣ ಬಳಿಯದ ಅಂಚಿಗೆ ಇಳಿಯಿತು. ಮೇಲಿಂದ ಜೂನ್ ಮಳೆ.

ಜುಲೈಯಲ್ಲಿ ಗಾಡಿ ಒಂದೇ ಜಾಗದಲ್ಲಿ ಹಳಿ ತಪ್ಪತೊಡಗಿತು. ಗಾಲಿ ಒರೆಸಿದೆ, ಬೋಗಿ ಬದಲಿಸಿದೆ, ಸುಮ್ನೆ ಒಂದು ವಾರ ಹಾಳು. ಕೊನೆಗೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ನೋಡಿದರೆ ಎರಡೂ ಬದಿ ಬೆಳಕು ಕಾಣುತ್ತಿದೆ. ಹಲಗೆಯ ಅಂಚು ಹಾಲಿಗೆ ಬಿದ್ದ ರಸ್ಕಿನ ಹಾಗೆ ಒಂದೂವರೆ ಮಿ.ಮೀ. ಉಬ್ಬಿತ್ತು. ಗಾಲಿಯ ಅಂಚು ಹಳಿಯೊಳಗೆ ಇಳಿಯುವುದೇ ಅರ್ಧ ಮಿಲಿಮೀಟರಿಗಿಂತ ಚೂರು ಜಾಸ್ತಿ, ಅದು ಹೇಗೆ ತಾಳೀತು? ಒಣಗಿದ ಮೇಲೂ ಉಬ್ಬು ಇಳಿಯಲಿಲ್ಲ. ಉಜ್ಜಿದರೆ ಹತ್ತಿಯ ಹಾಗೆ ಎದ್ದು ಬಂತು. ಜಲ್ಲಿಯೊಂದಿಗೆ ಅಂಟಿ ಕೂತಿದ್ದ ಹಳಿ ಕೀಳುವಾಗ ಒಂಬತ್ತರಲ್ಲಿ ಏಳು ಬಗ್ಗಿದವು. ಉಳಿಸಿದ ದುಡ್ಡಿಗಿಂತ ಹೆಚ್ಚು ಅವಕ್ಕೇ ಹೋಯಿತು, ಮಾರಾಯ್ರೆ.

ಈಗ ಐಎಸ್ 710 (ಮರೀನ್ ಪ್ಲೈಯ ಭಾರತೀಯ ಮಾನಕ) ಮುದ್ರೆ ಇರುವ ಮರೀನ್ ಪ್ಲೈ ತಂದಿದ್ದೇನೆ. ಮೇಲೆ, ಕೆಳಗೆ, ಮುಖ್ಯವಾಗಿ ಗರಗಸ ಆಡಿದ ಅಂಚಿಗೆ ಎರಡು ಕೋಟ್ ಆಯಿಲ್ ಪೇಂಟ್. ಅದರ ಮೇಲೆ ನೋಟೀಸ್ ಬೋರ್ಡಿನ ಕಾರ್ಕ್ ಶೀಟ್ ಕೊಯ್ದ ಪಟ್ಟಿ. ಪ್ಲೈ ಸೇರುವ ಜಾಗ, ಕಾರ್ಕ್ ಸೇರುವ ಜಾಗ, ಹಳಿ ಸೇರುವ ಜಾಗ ಒಂದರ ಮೇಲೊಂದು ಬರದ ಹಾಗೆ ಜೋಡಿಸಿದ್ದೇನೆ. ಜಲ್ಲಿ ಮಾತ್ರ ದೀಪಾವಳಿ ಕಳೆದ ಮೇಲೆ.