ಕಾಣೆಯಾದ ಜಾಗ ಹುಡುಕಿಕೊಟ್ಟ ವಿಜ್‌ಟ್ರೀ

ನನ್ನ ಲ್ಯಾಪ್‌ಟಾಪಿನ ಸಿ ಡ್ರೈವ್ 256 ಜಿಬಿ. ಕಣ್ಣಿಗೆ ಕಾಣುವ ಫೋಲ್ಡರ್‌ಗಳನ್ನೆಲ್ಲ ಕೂಡಿಸಿದರೆ 170 ಜಿಬಿ ದಾಟುವುದಿಲ್ಲ, ಆದರೂ ಡ್ರೈವಿನ ಪಟ್ಟಿ ಪೂರ್ತಿ ಕೆಂಪು! ಎರಡು ದಿನ ತಲೆ ಕೆಡಿಸಿಕೊಂಡು ಕೊನೆಗೆ ವಿಜ್‌ಟ್ರೀ ಹಾಕಿಕೊಂಡೆ, ಯಾವ ಫೈಲ್ ಎಷ್ಟು ಜಾಗ ತಿಂದಿದೆ ಎಂದು ತೋರಿಸುವ ವಿಂಡೋಸ್ ತಂತ್ರಾಂಶ ಅದು. ಸ್ವಂತ ಬಳಕೆಗೆ ಉಚಿತ. ಎನ್‌ಟಿಎಫ್‌ಎಸ್ (ವಿಂಡೋಸ್ ಸಾಮಾನ್ಯವಾಗಿ ಫೈಲ್‌ಗಳನ್ನು ಜೋಡಿಸಿಡುವ ವಿಧಾನ) ಡ್ರೈವಿನಲ್ಲಿ ಇರುವ ಫೈಲ್‌ಗಳ ಪಟ್ಟಿಯನ್ನೇ ಇದು ನೇರವಾಗಿ ಓದುತ್ತದೆ, ಒಂದೊಂದೇ ಫೋಲ್ಡರ್ ತೆರೆದು ನೋಡುತ್ತಾ ಕೂರುವುದಿಲ್ಲ, ಹಾಗಾಗಿ ಕೆಲವೇ ಸೆಕೆಂಡಿನಲ್ಲಿ ದೊಡ್ಡ ಫೈಲ್‌ಗಳೆಲ್ಲ ಮೇಲೆ ಬಂದು ನಿಂತವು. ಅಡ್ಮಿನ್ ಆಗಿಯೇ (ರನ್ ಆಸ್ ಅಡ್ಮಿನಿಸ್ಟ್ರೇಟರ್) ತೆರೆಯಿರಿ, ಇಲ್ಲದಿದ್ದರೆ ಈ ವೇಗ ಸಿಗುವುದಿಲ್ಲ.

ಜಾಗ ನುಂಗಿದ್ದು ಹೈಬರ್ನೇಷನ್ ಫೈಲ್ (ಲ್ಯಾಪ್‌ಟಾಪ್ ಹೈಬರ್ನೇಟ್ ಆಗುವಾಗ ತೆರೆದಿದ್ದ ಕೆಲಸವನ್ನು ವಿಂಡೋಸ್ ಉಳಿಸಿಡುವ ಫೈಲ್), ಅದಕ್ಕಿಂತ ಜಾಸ್ತಿ ನಾನು ಮರೆತಿದ್ದ ಹಳೆಯ ಫೋನ್ ಬ್ಯಾಕಪ್. ಒಂದು ಮಾತು, ಹೈಬರ್ನೇಷನ್ ಫೈಲನ್ನು ಸುಮ್ನೆ ಡಿಲೀಟ್ ಮಾಡಲು ಹೋಗಬೇಡಿ. ಹೈಬರ್ನೇಷನ್ ಆಫ್ ಮಾಡಿದರೆ ವಿಂಡೋಸ್ ಅದನ್ನು ತಾನೇ ತೆಗೆಯುತ್ತದೆ. ಹೆಸರೇ ಗೊತ್ತಿಲ್ಲದ ಸಿಸ್ಟಮ್ ಫೈಲ್‌ಗಳನ್ನಂತೂ ಮುಟ್ಟಲೇಬೇಡಿ.