ಅಲ್ಯೂಮಿನಿಯಂ ಇ6ಬಿ: ಮೊದಲ ಸೋಲೋ ಕ್ರಾಸ್ ಕಂಟ್ರಿಗೆ ಇದನ್ನೇ ಕೊಳ್ಳಿ

ಹೆಡ್‌ಸೆಟ್‌ಗೆ ಧಾರಾಳವಾಗಿ ದುಡ್ಡು ಸುರಿಯುವ ವಿದ್ಯಾರ್ಥಿ ಪೈಲಟ್‌ಗಳು ಇ6ಬಿ ಎಂಬ, ಹಾರಾಟದ ಲೆಕ್ಕ ಹಾಕುವ ತಿರುಗುಬಿಲ್ಲೆಯ ವಿಷಯಕ್ಕೆ ಬಂದಾಗ ಕೈ ಬಿಗಿ ಹಿಡಿಯುತ್ತಾರೆ. ಕಾರ್ಡ್‌ಬೋರ್ಡಿನದು ಸಾಕು, ಪರೀಕ್ಷೆ ಮುಗಿದ ಮೇಲೆ ಯಾರು ಮುಟ್ಟುತ್ತಾರೆ ಎನ್ನುವ ಲೆಕ್ಕ. ಆದರೆ ಇನ್‌ಸ್ಟ್ರಕ್ಟರ್ ಪಕ್ಕದಲ್ಲಿಲ್ಲದೆ, ಗೊತ್ತಿಲ್ಲದ ಊರಿನ ಕಡೆ ಒಬ್ಬರೇ ಹಾರುವಾಗ, ಅಂದರೆ ಸೋಲೋ ಕ್ರಾಸ್ ಕಂಟ್ರಿಯಲ್ಲಿ, ಈ ತಿರುಗುಬಿಲ್ಲೆಯ ನಿಜವಾದ ಉಪಯೋಗ ಗೊತ್ತಾಗುತ್ತದೆ. ಲೋಹದ್ದರ ಬೆಲೆ ಕಾರ್ಡ್‌ಬೋರ್ಡಿನದಕ್ಕಿಂತ ದುಪ್ಪಟ್ಟೋ ಇನ್ನೂ ಹೆಚ್ಚೋ ಇರುತ್ತದೆ. ಕೊಟ್ಟರೂ ನಷ್ಟವಿಲ್ಲ.

ಇದು ಮೂಲತಃ ಒಂದು ವೃತ್ತಾಕಾರದ ಸ್ಲೈಡ್ ರೂಲ್, ಅಂದರೆ ಅಂಕಿಗಳ ಅಳತೆಪಟ್ಟಿ ಸರಿಸಿ ಗುಣಾಕಾರ ಭಾಗಾಕಾರ ಮಾಡುವ ಸಾಧನ. 1930ರ ದಶಕದಲ್ಲಿ ಅಮೆರಿಕದ ಫಿಲಿಪ್ ಡಾಲ್ಟನ್ ರೂಪಿಸಿದ್ದು, ಹೆಸರು ಬಂದದ್ದು ಅಲ್ಲಿನ ಸೇನೆ ಕೊಟ್ಟ ಮಾದರಿ ಸಂಖ್ಯೆಯಿಂದ. ಒಂದು ಬದಿಯಲ್ಲಿ ವೇಗ, ಸಮಯ, ದೂರ, ಇಂಧನದ ಲೆಕ್ಕ. ಇನ್ನೊಂದು ಬದಿಯಲ್ಲಿ ಪಾರದರ್ಶಕ ಡಿಸ್ಕು, ಅದರ ಕೆಳಗೆ ಜಾರುವ ಪಟ್ಟಿ, ಅಲ್ಲಿ ಗಾಳಿಯ ಲೆಕ್ಕ. ಇವತ್ತಿಗೂ ವಿನ್ಯಾಸ ಹೆಚ್ಚು ಬದಲಾಗಿಲ್ಲ.

ಗಾಳಿಯ ಬದಿಯನ್ನು ನೆಲದ ಮೇಲೆ, ಹಿಂದಿನ ರಾತ್ರಿ ಮೇಜಿನ ಮೇಲೇ ಮುಗಿಸಿಕೊಳ್ಳಬೇಕು. ಒಂದು ಉದಾಹರಣೆ ಹಿಡಿಯೋಣ. ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದಿಂದ ಮೈಸೂರಿನ ಮಂಡಕಳ್ಳಿ ನಿಲ್ದಾಣಕ್ಕೆ ಚಾರ್ಟಿನ ಮೇಲೆ ನೇರ ಗೆರೆ ಎಳೆದರೆ ಸುಮಾರು 75 ನಾಟಿಕಲ್ ಮೈಲಿ, ಟ್ರೂ ಕೋರ್ಸ್ (ಭೌಗೋಳಿಕ ಉತ್ತರದಿಂದ ಅಳೆದ ದಾರಿಯ ದಿಕ್ಕು) 227 ಡಿಗ್ರಿ. ನಿಜವಾಗಿ ಹಾರುವ ದಾರಿ ಎಟಿಸಿ (ವಾಯು ಸಂಚಾರ ನಿಯಂತ್ರಣ) ಹೇಳಿದಂತೆ. ಇದು ಅಭ್ಯಾಸದ ಲೆಕ್ಕ. ಮೇಲ್ಗಾಳಿ 280 ಡಿಗ್ರಿಯಿಂದ 20 ನಾಟ್ (ಗಂಟೆಗೆ ನಾಟಿಕಲ್ ಮೈಲಿ), ಟ್ರೂ ಏರ್ ಸ್ಪೀಡ್ (ಸುತ್ತಲಿನ ಗಾಳಿಗೆ ಹೋಲಿಸಿದ ವಿಮಾನದ ನಿಜ ವೇಗ) 100 ನಾಟ್ ಎಂದಿಟ್ಟುಕೊಳ್ಳಿ.

ಮೊದಲು ಡಿಸ್ಕ್ ತಿರುಗಿಸಿ 280ನ್ನು ಟ್ರೂ ಇಂಡೆಕ್ಸ್ ಎಂಬ ಮೇಲಿನ ಗುರುತಿನ ಕೆಳಗೆ ತನ್ನಿ. ಪಟ್ಟಿಯನ್ನು ಜಾರಿಸಿ ನಡುವಿನ ತೂತಿನ ಕೆಳಗೆ 100ರ ಗೆರೆ ಕೂರಿಸಿ, ಅಲ್ಲಿಂದ ಮೇಲಕ್ಕೆ 20 ಎಣಿಸಿ 120ರಲ್ಲಿ ಪೆನ್ಸಿಲಿನಿಂದ ಚುಕ್ಕೆ ಇಡಿ. ಈಗ 227ನ್ನು ಟ್ರೂ ಇಂಡೆಕ್ಸ್ ಕೆಳಗೆ ತಿರುಗಿಸಿ. ಚುಕ್ಕೆ ಬಲಕ್ಕೆ ವಾಲುತ್ತದೆ. ಅದು 100ರ ಕಮಾನಿನ ಮೇಲೆ ಕೂರುವವರೆಗೆ ಪಟ್ಟಿಯನ್ನು ಜಾರಿಸಿ. ನಡುವಿನ ತೂತಿನಲ್ಲಿ ಕಾಣುವ 87 ನಿಮ್ಮ ಗ್ರೌಂಡ್ ಸ್ಪೀಡ್ (ನೆಲಕ್ಕೆ ಹೋಲಿಸಿದ ವೇಗ), ಚುಕ್ಕೆ ಬಲಕ್ಕೆ ಸರಿದಿರುವ 9 ಡಿಗ್ರಿ ನಿಮ್ಮ ಗಾಳಿ ತಿದ್ದುಪಡಿ. ಟ್ರೂ ಹೆಡಿಂಗ್ (ಮೂತಿ ತಿರುಗಿರಬೇಕಾದ ದಿಕ್ಕು) 236, ಪ್ರಯಾಣ 52 ನಿಮಿಷ.

ಕೈ ತಪ್ಪುವುದು ಚುಕ್ಕೆ ಇಡುವಲ್ಲಿ. ಮೇಲಕ್ಕೆ ಬದಲು ಕೆಳಕ್ಕೆ, 80ರಲ್ಲಿ ಇಟ್ಟರೆ ಇ6ಬಿ ತಕರಾರು ಮಾಡುವುದಿಲ್ಲ. ಎಡಕ್ಕೆ 9 ಡಿಗ್ರಿ, ಗ್ರೌಂಡ್ ಸ್ಪೀಡ್ 111, ಸಮಯ ಸುಮಾರು 40 ನಿಮಿಷ ಎಂದು ಅಷ್ಟೇ ಸಲೀಸಾಗಿ ಉತ್ತರ ಕೊಡುತ್ತದೆ. ಆ ಹೆಡಿಂಗ್ ಹಿಡಿದು ಹೋದರೆ 40ನೇ ನಿಮಿಷಕ್ಕೆ, ಚಾಮುಂಡಿ ಬೆಟ್ಟ ಎಲ್ಲಿ ಎಂದು ಹುಡುಕುವ ಹೊತ್ತಿಗೆ, ವಿಮಾನ ಕೊಳ್ಳೇಗಾಲದ ಆಸುಪಾಸಿನಲ್ಲಿರುತ್ತದೆ. ಆದ್ದರಿಂದ ಉತ್ತರ ಬಂದ ಕೂಡಲೇ ಎರಡು ಪ್ರಶ್ನೆ ಕೇಳಿಕೊಳ್ಳಿ: ಗಾಳಿ ಬಲಗಡೆಯಿಂದ ಬರುತ್ತಿದ್ದರೆ ಮೂತಿಯೂ ಬಲಕ್ಕೆ ತಿರುಗಿದೆಯೇ? ಎದುರುಗಾಳಿ ಇದ್ದರೆ ಗ್ರೌಂಡ್ ಸ್ಪೀಡ್ ಏರ್ ಸ್ಪೀಡಿಗಿಂತ ಕಡಿಮೆ ಬಂದಿದೆಯೇ?

ಇನ್ನೊಂದು ಗೊಂದಲ ಟ್ರೂ ಮತ್ತು ಮ್ಯಾಗ್ನೆಟಿಕ್‌ನದು. ಟ್ರೂ ಎಂದರೆ ಭೌಗೋಳಿಕ ಉತ್ತರದಿಂದ ಅಳೆದದ್ದು, ಮ್ಯಾಗ್ನೆಟಿಕ್ ಎಂದರೆ ದಿಕ್ಸೂಚಿಯ ಉತ್ತರದಿಂದ; ಎರಡರ ನಡುವಿನ ವ್ಯತ್ಯಾಸವೇ ವೇರಿಯೇಶನ್. ಮುನ್ಸೂಚನೆಯ ಮೇಲ್ಗಾಳಿ ಟ್ರೂನಲ್ಲಿ ಇರುತ್ತದೆ, ಟವರ್ ಹೇಳುವ ರನ್‌ವೇ ಗಾಳಿ ಮ್ಯಾಗ್ನೆಟಿಕ್‌ನಲ್ಲಿ. ಗಾಳಿಯ ಬದಿಯಲ್ಲಿ ಎಲ್ಲವೂ ಟ್ರೂನಲ್ಲೇ ಹೋಗಬೇಕು, ವೇರಿಯೇಶನ್ ಕೊನೆಗೆ. ನಮ್ಮ ಕಡೆ ವೇರಿಯೇಶನ್ ಒಂದೆರಡು ಡಿಗ್ರಿ ಪಶ್ಚಿಮ ಅಷ್ಟೇ, ಮರೆತರೂ ಯಾರಿಗೂ ಗೊತ್ತಾಗದು. ಅದೇ ಅಭ್ಯಾಸ ಹೊತ್ತು ಕ್ಯಾಲಿಫೋರ್ನಿಯಾಕ್ಕೆ ತರಬೇತಿಗೆ ಹೋದವರಿಗೆ ಅಲ್ಲಿ ಸುಮಾರು 12 ಡಿಗ್ರಿ ಪೂರ್ವ ಎದುರಾಗುತ್ತದೆ. ಪೂರ್ವವಾದರೆ ಕಳೆಯಿರಿ, ಪಶ್ಚಿಮವಾದರೆ ಕೂಡಿಸಿ.

ಈಗ ಲೆಕ್ಕದ ಬದಿ. ಕಾಕ್‌ಪಿಟ್‌ನಲ್ಲಿ ಬೇಕಾದದ್ದು ಇದೊಂದೇ, ಲೋಹದ್ದಕ್ಕೆ ಕೊಟ್ಟ ದುಡ್ಡು ಸಾರ್ಥಕವಾಗುವುದೂ ಇಲ್ಲೇ. ಮೇಲಿನ ದಾರಿಯಲ್ಲೇ ನೋಡಿ. ರಾಮನಗರದ ಬಂಡೆ ಬೆಟ್ಟಗಳು ಗೆರೆಯಿಂದ ಮೂರು ಮೈಲಿ ಎಡಕ್ಕೆ ಸಿಗುತ್ತವೆ. ಮದ್ದೂರು ಹೆಚ್ಚು ಕಡಿಮೆ ಗೆರೆಯ ಮೇಲೇ ಇದೆ, ಶಿಂಷಾ ನದಿ ಮತ್ತು ರೈಲು ಹಳಿ ಜೊತೆಗಿರುವುದರಿಂದ ಗುರುತು ಸುಲಭ. ರಾಮನಗರದ ನೇರಕ್ಕೆ ಬಂದಾಗಿನಿಂದ ಮದ್ದೂರಿಗೆ 16 ಮೈಲಿ. ಗಡಿಯಾರ ನೋಡಿದರೆ 12 ನಿಮಿಷ ಹಿಡಿದಿದೆ ಎನ್ನಿ. ಹೊರಗಿನ ವೃತ್ತದ 16ರ ಕೆಳಗೆ ಒಳಗಿನ 12 ತನ್ನಿ. ದೊಡ್ಡ ಕಪ್ಪು ಬಾಣದ ಮೇಲೆ 80: ಇದು ನಿಜವಾದ ಗ್ರೌಂಡ್ ಸ್ಪೀಡ್. ಈಗ ಡಿಸ್ಕ್ ಮುಟ್ಟಬೇಡಿ. ಉಳಿದ 31 ಮೈಲಿಯನ್ನು ಹೊರಗೆ ಹುಡುಕಿ, ಅದರ ಕೆಳಗೆ 23 ನಿಮಿಷ. ರೇಡಿಯೋದಲ್ಲಿ ಹೇಳಬೇಕಾದ ಇಟಿಎ (ತಲುಪುವ ಅಂದಾಜು ಸಮಯ) ಸಿಕ್ಕಿತು. ಬಾಣವನ್ನು ಗಂಟೆಗೆ 32 ಲೀಟರಿಗೆ ತಿರುಗಿಸಿ, ಒಳಗಿನ 23ರ ಮೇಲೆ ನೋಡಿದರೆ 12 ಲೀಟರ್ ಚಿಲ್ಲರೆ. ಎಲ್ಲ ಸೇರಿ ಅರ್ಧ ನಿಮಿಷದ ಕೆಲಸ, ಬಲಗೈ ಹೆಬ್ಬೆರಳು ಸಾಕು, ಎಡಗೈ ಯೋಕ್ (ವಿಮಾನದ ಚುಕ್ಕಾಣಿ) ಮೇಲೆ.

ಒಂದೇ ಕೈಯಲ್ಲಿ ತಿರುಗಿಸುವಾಗ ಕಾರ್ಡ್‌ಬೋರ್ಡಿನದು ಕೈ ಕೊಡುತ್ತದೆ. ಬೆವರಿನ ಕೈಗೆ, ಮಳೆಗಾಲದ ತೇವಕ್ಕೆ ಅಂಚು ಉಬ್ಬಿ ಡಿಸ್ಕ್ ಬಿಗಿಯಾಗುತ್ತದೆ. ಕೆಲವು ತಿಂಗಳಾದ ಮೇಲೆ ನಡುವಿನ ರಿವೆಟ್ ಸಡಿಲಾಗಿ, ಇಟ್ಟ ಲೆಕ್ಕ ಕುಲುಕಾಟದಲ್ಲಿ ತಾನೇ ಜರುಗಿಬಿಡುತ್ತದೆ. ಅಲ್ಯೂಮಿನಿಯಂನದರಲ್ಲಿ ಮುದ್ರಣ ಸ್ಪಷ್ಟ, ಇಟ್ಟದ್ದು ಇಟ್ಟಲ್ಲೇ ನಿಲ್ಲುತ್ತದೆ. ಲೋಹಕ್ಕೂ ಕೊರತೆ ಇದೆ: ನೇರ ಬಿಸಿಲಿನಲ್ಲಿ ಹೊಳೆದು ಸಣ್ಣ ಗೆರೆಗಳು ಕಣ್ಣಿಗೆ ಹತ್ತುವುದಿಲ್ಲ, ಗ್ಲೇರ್‌ಶೀಲ್ಡ್ ಮೇಲೆ ಬಿಟ್ಟರೆ ಮುಟ್ಟಲಾಗದಷ್ಟು ಕಾಯುತ್ತದೆ. ತೊಡೆಗೆ ಕಟ್ಟುವ ಹಲಗೆಯ (ನೀ-ಬೋರ್ಡ್) ಕ್ಲಿಪ್ಪಿಗೆ ಸಿಕ್ಕಿಸಿಟ್ಟುಕೊಳ್ಳುವುದು ಮೇಲು.

ಸ್ಕೇಲ್ ಓದುವುದನ್ನು ಯಾವ ಮಾದರಿಯೂ ನಿಮಗಾಗಿ ಮಾಡಿಕೊಡುವುದಿಲ್ಲ. ದಶಮಾಂಶ ಬಿಂದು ಈ ಬಿಲ್ಲೆಯ ಮೇಲೆ ಇಲ್ಲವೇ ಇಲ್ಲ. 12 ಎಂದರೆ 1.2, 12, 120 ಯಾವುದೂ ಆಗಬಹುದು, ಅದನ್ನು ನಿಮ್ಮ ತಲೆ ಹೇಳಬೇಕು. ಗೆರೆಗಳ ಬೆಲೆಯೂ ಒಂದೇ ಸಮನಿಲ್ಲ: 10ರಿಂದ 15ರವರೆಗೆ ಒಂದೊಂದು ಗೆರೆ 0.1, ಆಮೇಲೆ 30ರವರೆಗೆ 0.2, ಅಲ್ಲಿಂದ 60ರವರೆಗೆ 0.5. ವಿದ್ಯಾರ್ಥಿಗಳು 16ರ ಮುಂದಿನ ಮೊದಲ ಗೆರೆಯನ್ನು 16.1 ಎಂದು ಓದುವುದು ತೀರಾ ಸಾಮಾನ್ಯ. ಅದು 16.2.

ಟ್ರೂ ಏರ್ ಸ್ಪೀಡಿನ ಕಿಟಕಿಗೂ ಹೀಗೇ ಕಣ್ಣು ಬೇಕು. ಪ್ರೆಶರ್ ಆಲ್ಟಿಟ್ಯೂಡ್ (ವಾಯು ಒತ್ತಡದಿಂದ ಲೆಕ್ಕ ಹಾಕಿದ ಎತ್ತರ) 6500 ಅಡಿ, ಹೊರಗೆ 17 ಡಿಗ್ರಿ ಸೆಲ್ಸಿಯಸ್ ಇದ್ದರೆ, ಕ್ಯಾಲಿಬ್ರೇಟೆಡ್ (ಮೀಟರಿನ ದೋಷ ತಿದ್ದಿದ) 88 ನಾಟ್ ಎಂಬುದು ಟ್ರೂನಲ್ಲಿ 100 ನಾಟ್. ಕಿಟಕಿಯಲ್ಲಿ ಸೊನ್ನೆಯ ಎರಡೂ ಕಡೆ 17 ಇದೆ. ಮೈನಸ್ ಕಡೆಯದನ್ನು ಇಟ್ಟರೆ 94 ಬರುತ್ತದೆ. ಏರ್ ಸ್ಪೀಡ್ ಇಂಡಿಕೇಟರ್‌ನ 88ನ್ನೇ ಗಾಳಿಯ ಲೆಕ್ಕಕ್ಕೆ ಹಾಕಿದರೆ 12 ನಾಟ್ ತಪ್ಪು ಅಲ್ಲೇ ಸೇರಿಕೊಂಡಿತು.

ಐಪ್ಯಾಡ್ ಇರುವಾಗ ಇದೆಲ್ಲ ಯಾಕೆ ಎನ್ನುವವರಿದ್ದಾರೆ. ಚಲಿಸುವ ನಕ್ಷೆ ಒಳ್ಳೆಯದು, ಬಳಸಿ. ಆದರೆ ಬಿಸಿಲಿನ ಕಾಕ್‌ಪಿಟ್‌ನಲ್ಲಿ ಅದು ಕಾದು ತಾನೇ ಆರಿಹೋಗುವುದು ಪೈಲಟ್‌ಗಳಿಗೆಲ್ಲ ಗೊತ್ತಿರುವ ಸಂಗತಿ. ಅಮೆರಿಕದಲ್ಲಿ ಸೋಲೋ ಕ್ರಾಸ್ ಕಂಟ್ರಿಗೆ ಸಹಿ ಹಾಕುವ ಮೊದಲು ಚಾರ್ಟ್ ಮತ್ತು ಮ್ಯಾಗ್ನೆಟಿಕ್ ಕಂಪಾಸಿನಿಂದ ದಾರಿ ಹುಡುಕುವುದನ್ನು ಕಲಿಸಿರಬೇಕೆಂಬುದು ನಿಯಮ. ಅಲ್ಲಿ ಪ್ರೈವೇಟ್ ಲೈಸೆನ್ಸಿಗೆ ಒಂದು ಸೋಲೋ 150 ನಾಟಿಕಲ್ ಮೈಲಿ ಆಗಬೇಕು. ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ಕಮರ್ಷಿಯಲ್ ಲೈಸೆನ್ಸಿಗೆ ಕೇಳುವುದು 300. ಅಷ್ಟು ದೂರಕ್ಕೆ 87ರ ಬದಲು 80ರಲ್ಲಿ ಹೋದರೆ 18 ನಿಮಿಷ ಹೆಚ್ಚು ಹಿಡಿಯುತ್ತದೆ, ಹತ್ತು ಲೀಟರಿನಷ್ಟು ಇಂಧನ ಹೆಚ್ಚು ಬೇಕು. ಇದು ಮೊದಲ ಎರಡು ಚೆಕ್‌ಪಾಯಿಂಟ್‌ಗಳ ನಡುವೆಯೇ ಗೊತ್ತಾದರೆ ದಾರಿ ಬದಲಿಸಲು ಇನ್ನೂ ಸಮಯವಿರುತ್ತದೆ.

ಎಲೆಕ್ಟ್ರಾನಿಕ್ ಇ6ಬಿ ಪರೀಕ್ಷಾ ಕೊಠಡಿಗೆ ಚೆನ್ನ. ಗಾಳಿಯಲ್ಲಿ ಮಾತ್ರ ಮೆನು ಒಳಗೆ ಮೆನು ಒತ್ತುತ್ತಾ ತಲೆ ಕೆಳಗೆ ಹಾಕಿ ಕೂರಬೇಕಾಗುತ್ತದೆ. ಸೋಲೋ ವಿದ್ಯಾರ್ಥಿಯ ಕಣ್ಣು ಹೊರಗೇ ಇರಬೇಕು. ಅಂಗೈಯಗಲದ ಚಿಕ್ಕ ಇ6ಬಿಗಳೂ ಸಿಗುತ್ತವೆ. ಜೇಬಿಗೆ ಹಿಡಿಸುತ್ತವೆ ನಿಜ, ಆದರೆ ಕುಲುಕುವ ವಿಮಾನದಲ್ಲಿ ಗೆರೆ ಓದಲು ಕಷ್ಟ. ಪೂರ್ಣ ಗಾತ್ರದ್ದೇ ಇರಲಿ.

ಕೊಳ್ಳುವಾಗ, ಅದರಲ್ಲೂ ಸೀನಿಯರ್‌ಗಳಿಂದ ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ, ಹೊರಗಿನ 10ಕ್ಕೆ ಒಳಗಿನ 10 ಕೂಡಿಸಿ ಸುತ್ತಲೂ ನೋಡಿ. 30ಕ್ಕೆ 30, 60ಕ್ಕೆ 60 ಕೂದಲೆಳೆಯಷ್ಟೂ ಸರಿಯದೆ ಕೂರಬೇಕು. ಒಂದು ಕಡೆ ಸರಿಯಾಗಿ ಕೂತು ಎದುರು ಕಡೆ ಜರುಗಿದ್ದರೆ ಡಿಸ್ಕಿನ ನಡು ತಪ್ಪಿದೆ, ಬಿಟ್ಟುಬಿಡಿ. ನೆಟ್ಟಗೆ ಹಿಡಿದು ಅಲುಗಾಡಿಸಿದಾಗ ಪಟ್ಟಿ ತಾನಾಗಿ ಜಾರಬಾರದು. ಪಟ್ಟಿಯ ಒಂದು ಬದಿ ಕಡಿಮೆ ವೇಗಕ್ಕೆ, ಇನ್ನೊಂದು ಜೆಟ್ ವೇಗಕ್ಕೆ. ಸೆಸ್ನಾ 152, 172 ಹಾರಿಸುವವರು ಕಡಿಮೆ ವೇಗದ ಬದಿ ಮೇಲೆ ಬರುವಂತೆ ತೂರಿಸಿಕೊಳ್ಳಿ. ಗುರುತು ಮೆದು ಪೆನ್ಸಿಲಿನಲ್ಲೇ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಥಿನ್ನರ್ ತಗುಲಿದರೆ ಪಾರದರ್ಶಕ ಡಿಸ್ಕ್ ಮಂಕಾಗಿ, ಕೆಳಗಿನ ಕಮಾನುಗಳು ಮತ್ತೆ ಸ್ಪಷ್ಟವಾಗಿ ಕಾಣುವುದಿಲ್ಲ.